ಟರ್ಬೊ ಎಂಜಿನ್ ಬಿಚ್ಚುವ ಕೈಗೆ ನಂಬಿಕೆಯೊಂದೇ ಸಾಲದು

ಬೈಲಹೊಂಗಲ, ಕಿತ್ತೂರು, ಸವದತ್ತಿ ಹಾಗೂ ರಾಮದುರ್ಗ ತಾಲೂಕುಗಳ ಜನರಿಗೆ ಎಂಜಿನ್ ಎಂಬುದು ಹೊಸ ವಸ್ತುವೇನಲ್ಲ. ಭಾರತದಲ್ಲಿ ಯಂತ್ರೋದ್ಯಮಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರಾದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಜನಿಸಿದ್ದು ಸವದತ್ತಿ ಸಮೀಪದ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯೊಂದಿಗೆ ಆರಂಭವಾದ ಅವರ ಉದ್ಯಮ ಕಬ್ಬಿಣದ ನೇಗಿಲು, ಪಂಪು, ಡೀಸೆಲ್ ಎಂಜಿನ್‌ಗಳವರೆಗೆ ಬೆಳೆಯಿತು. ಆ ಎಂಜಿನ್‌ಗಳನ್ನು ಬಾವಿಯ ದಂಡೆಯಲ್ಲೇ ಬಿಚ್ಚಿ, ಸರಿಪಡಿಸಿ, ಮತ್ತೆ ಓಡಿಸಿದ ಮಿಸ್ತ್ರಿಗಳ ಪರಂಪರೆ ಈ ಸೀಮೆಯಲ್ಲಿದೆ.

ಆದರೆ ಇಂದು ಆ ಮಿಸ್ತ್ರಿಯ ಗ್ಯಾರೇಜಿನ ಮುಂದೆ ಬಂದು ನಿಲ್ಲುತ್ತಿರುವ ಕಾರು ಬೇರೆಯೇ ಜಾತಿಯದು. ಅದರ ಬಾನೆಟ್ಟಿನ ಕೆಳಗಿರುವುದು ಟರ್ಬೊಚಾರ್ಜರ್ ಅಳವಡಿಸಿದ, ಗಾತ್ರದಲ್ಲಿ ಸಣ್ಣದಾದರೂ ಶಕ್ತಿಯಲ್ಲಿ ದೊಡ್ಡದಾದ ಎಂಜಿನ್. ಇಂಥದೊಂದು ಎಂಜಿನ್ ಕೆಟ್ಟಾಗ, ಇಲ್ಲವೇ ಅದರ ಅಶ್ವಶಕ್ತಿಯನ್ನು ಇನ್ನಷ್ಟು ಏರಿಸುವ ಹಂಬಲ ಮಾಲೀಕನಿಗೆ ಹುಟ್ಟಿದಾಗ, ಯಾರನ್ನು ನಂಬಬೇಕು? ಯಾವ ಆಧಾರದ ಮೇಲೆ ನಂಬಬೇಕು?

ಬದಲಾವಣೆಯ ಆಳ ಅರಿಯಲು ಎರಡು ಅಂಕಿಗಳು ಸಾಕು. 2014ರಲ್ಲಿ ಉತ್ಪಾದನೆ ನಿಲ್ಲಿಸಿದ ಅಂಬಾಸಿಡರ್ ಕಾರಿನ 1,489 ಸಿ.ಸಿ. ಡೀಸೆಲ್ ಎಂಜಿನ್ ನೀಡುತ್ತಿದ್ದುದು 40ಕ್ಕಿಂತ ಕಡಿಮೆ ಅಶ್ವಶಕ್ತಿ. ಹುಂಡೈ ವೆನ್ಯೂ ಕಾರಿನಲ್ಲಿ ಬಂದ 998 ಸಿ.ಸಿ. ಟರ್ಬೊ ಪೆಟ್ರೋಲ್ ಎಂಜಿನ್ ನೀಡಿದ್ದು ಸುಮಾರು 118 ಅಶ್ವಶಕ್ತಿ. ಗಾತ್ರ ಮೂರನೆಯ ಎರಡಕ್ಕಿಳಿದರೂ ಶಕ್ತಿ ಸುಮಾರು ಮೂರು ಪಟ್ಟಾಗಿದೆ. ಅಂದರೆ ಪ್ರತಿ ಪಿಸ್ಟನ್ನು, ಪ್ರತಿ ಬೇರಿಂಗು, ಹೆಡ್ಡಿನ ಪ್ರತಿ ಬೋಲ್ಟು ಹೊರುವ ಭಾರ ಹೆಚ್ಚಿದೆ.

ಟರ್ಬೊ ಕೆಲಸ ಮಾಡುವ ಬಗೆ ಸರಳ. ಹೊರಬೀಳುವ ಹೊಗೆಯ ಬಿಸಿ ಮತ್ತು ವೇಗದಿಂದ ಒಂದು ಚಕ್ರ ತಿರುಗುತ್ತದೆ. ಅದೇ ದಂಡಕ್ಕೆ ಜೋಡಿಸಿದ ಮತ್ತೊಂದು ಚಕ್ರ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಗಾಳಿ ಹೆಚ್ಚಿದಷ್ಟೂ ಇಂಧನ ಹೆಚ್ಚು ಉರಿಯುತ್ತದೆ, ಶಕ್ತಿ ಹೆಚ್ಚು ಸಿಗುತ್ತದೆ. ಆದರೆ ಆ ದಂಡ ನಿಮಿಷಕ್ಕೆ 1 ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಅದನ್ನು ಕಾಯುವುದು ಎಣ್ಣೆಯ ತೆಳುವಾದ ಪೊರೆ ಮಾತ್ರ. ಎಣ್ಣೆ ಹಳತಾದರೆ, ನಳಿಕೆಯಲ್ಲಿ ಕಸ ಕಟ್ಟಿದರೆ, ಕ್ಷಣಮಾತ್ರದಲ್ಲಿ ಬೇರಿಂಗು ಸುಟ್ಟುಹೋಗುತ್ತದೆ.

ಎಡವಟ್ಟು ಆಗುವುದು ಇಲ್ಲಿಯೇ. ಟರ್ಬೊ ಹಾಳಾಯಿತೆಂದು ಹೊಸದನ್ನು ಕೂಡಿಸಿ, ಹಾಳಾದ ಕಾರಣವನ್ನು ಹುಡುಕದೆ ಬಿಟ್ಟರೆ ಹೊಸದಕ್ಕೂ ಅದೇ ಗತಿ. ಎಣ್ಣೆಯ ನಳಿಕೆ ಶುಚಿಯಾಗಿದೆಯೇ, ಎಣ್ಣೆಯ ಒತ್ತಡ ಸರಿಯಿದೆಯೇ, ಹಳೆಯ ಟರ್ಬೊದ ಚೂರುಗಳು ಇಂಟರ್‌ಕೂಲರಿನಲ್ಲಿ ಉಳಿದಿವೆಯೇ ಎಂದು ನೋಡುವವನೇ ನಿಜವಾದ ಪರಿಣತ. ಹಲವು ಆಧುನಿಕ ಎಂಜಿನ್‌ಗಳಲ್ಲಿ ಹೆಡ್ ಬೋಲ್ಟುಗಳನ್ನು ಒಮ್ಮೆ ಬಿಚ್ಚಿದರೆ ಮತ್ತೆ ಬಳಸುವಂತಿಲ್ಲ. ಅವುಗಳನ್ನು ಬಿಗಿಯುವುದು ತೋಳಿನ ಅಂದಾಜಿನಿಂದಲ್ಲ, ಟಾರ್ಕ್ ರೆಂಚಿನ ಲೆಕ್ಕದಿಂದ. ಸಿಲಿಂಡರಿಗೂ ಪಿಸ್ಟನ್ನಿಗೂ ನಡುವಿನ ಸಂದು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಇರುವುದರಿಂದ ಅದನ್ನು ಕಣ್ಣು ಗುರುತಿಸಲಾರದು; ಮೈಕ್ರೋಮೀಟರು, ಬೋರ್ ಗೇಜುಗಳೇ ಗುರುತಿಸಬೇಕು.

ಹಾಗೆಂದು ತಾಲೂಕು ಕೇಂದ್ರದ ಮಿಸ್ತ್ರಿಯನ್ನು ಹಳಿಯುವುದು ಅನ್ಯಾಯ. ಆತನ ಕೈಯಲ್ಲಿ ವಿದ್ಯೆ ಇದ್ದರೂ ಮಾಹಿತಿ ಇಲ್ಲ. ಕಂಪನಿಗಳು ಸರ್ವಿಸ್ ಕೈಪಿಡಿ, ದೋಷ ಪತ್ತೆಯ ಸಾಧನ, ಅಸಲಿ ಬಿಡಿಭಾಗಗಳನ್ನು ತಮ್ಮ ಅಧಿಕೃತ ಕೇಂದ್ರಗಳಿಗಷ್ಟೇ ಕೊಡುತ್ತವೆ ಎಂಬ ದೂರು ಹಳೆಯದು. ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ ಇದೇ ಕಾರಣಕ್ಕೆ 14 ಕಾರು ಕಂಪನಿಗಳಿಗೆ ಸುಮಾರು 2,544 ಕೋಟಿ ರೂಪಾಯಿ ದಂಡ ವಿಧಿಸಿತ್ತು. ಆ ಆದೇಶ ಬಳಿಕ ಮೇಲ್ಮನವಿಗಳ ಹಾದಿ ಹಿಡಿಯಿತು. 2022ರ ಡಿಸೆಂಬರ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 'ದುರಸ್ತಿಯ ಹಕ್ಕು' ಪೋರ್ಟಲ್ ಆರಂಭಿಸಿತು. ವಾಹನ ಕ್ಷೇತ್ರವೂ ಅದರ ವ್ಯಾಪ್ತಿಯಲ್ಲಿದೆ. ಆದರೆ ಪೋರ್ಟಲ್ ಎಂಬುದು ಕಾಯ್ದೆಯಲ್ಲ. ರಾಮದುರ್ಗದ ಗ್ಯಾರೇಜಿನವನಿಗೆ ಬೋಲ್ಟು ಬಿಗಿಯುವ ಲೆಕ್ಕ ಸುಲಭವಾಗಿ ಸಿಗುವವರೆಗೆ ಈ ಹಕ್ಕು ಕಾಗದದ ಮೇಲಿನ ಮಾತಷ್ಟೆ.

ಇನ್ನು ಶಕ್ತಿ ಏರಿಸುವ ವಿಚಾರ. ಎಂಜಿನ್ನಿನ ಕಂಪ್ಯೂಟರಿನಲ್ಲಿರುವ ಲೆಕ್ಕಾಚಾರವನ್ನು ತಿದ್ದಿ ಟರ್ಬೊದ ಒತ್ತಡ, ಇಂಧನದ ಪ್ರಮಾಣವನ್ನು ಹೆಚ್ಚಿಸುವುದು ನಗರಗಳಲ್ಲಿ ಬೆಳೆದ ವ್ಯಾಪಾರ. ಅದು ಜಿಲ್ಲಾ ಕೇಂದ್ರಗಳನ್ನು ದಾಟಿ ತಾಲೂಕುಗಳಿಗೆ ಬರಲು ತಡವೇನಿಲ್ಲ. ತಯಾರಕರು ಬಾಳಿಕೆಗೆಂದು ಕಾಯ್ದಿರಿಸಿದ ಅಂತರವನ್ನೇ ಈ ತಿದ್ದುಪಡಿ ಕಬಳಿಸುತ್ತದೆ. ಎಂಜಿನ್ ತಾಳಿಕೊಂಡರೂ ಕ್ಲಚ್, ಗೇರ್‌ಬಾಕ್ಸ್, ಬ್ರೇಕು ಹಳೆಯ ಶಕ್ತಿಗೆಂದು ಮಾಡಿದವು. ಕಬ್ಬಿನ ಹಂಗಾಮಿನಲ್ಲಿ ಹೇರು ತುಂಬಿದ ಟ್ರ್ಯಾಕ್ಟರುಗಳು ಸಾಲುಗಟ್ಟುವ ಈ ಭಾಗದ ರಸ್ತೆಗಳಲ್ಲಿ, ಕಿತ್ತೂರಿನ ಬಳಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿಯಲ್ಲಿ, ಇದರ ಬೆಲೆ ತೆರುವವನು ಕಾರಿನ ಮಾಲೀಕನೊಬ್ಬನೇ ಅಲ್ಲ.

ಕಾನೂನೂ ಇದಕ್ಕೆ ಮುಖ ತಿರುಗಿಸಿ ಕುಳಿತಿಲ್ಲ. ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಸೂಚಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದು ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಅದೇ ವರ್ಷ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಸವೆದ ಎಂಜಿನ್ನನ್ನು ಮೂಲ ಸ್ಥಿತಿಗೆ ಮರಳಿಸುವ ದುರಸ್ತಿಗೆ ಈ ಕಾನೂನು ಅಡ್ಡಿಯಲ್ಲ ಎಂಬುದನ್ನೂ ಮರೆಯಬಾರದು.

ಅತಿ ಶಕ್ತಿಯ ಎಂಜಿನ್‌ಗೆ ಸಲ್ಲುವ ಜಾಗ ರೇಸ್ ಟ್ರ್ಯಾಕು. ಚೆನ್ನೈ, ಕೊಯಮತ್ತೂರುಗಳಲ್ಲಿ ಅಂಥ ಟ್ರ್ಯಾಕುಗಳಿವೆ. ಗಮನಿಸಬೇಕಾದ ಸಂಗತಿಯೆಂದರೆ, ಅಲ್ಲಿಯೂ ಎಂಜಿನ್ ಕಟ್ಟಿದವನ ಹೆಸರನ್ನು ಕೇಳಿ ಯಾರೂ ಸುಮ್ಮನಾಗುವುದಿಲ್ಲ. ಸ್ಪರ್ಧೆಗೆ ಮುನ್ನ ತಾಂತ್ರಿಕ ಅಧಿಕಾರಿಗಳು ವಾಹನವನ್ನು ತಪಾಸಣೆ ಮಾಡುತ್ತಾರೆ. ಪರಿಣತಿಗೆ ಗೌರವವಿದ್ದೂ ಪರೀಕ್ಷೆಯಿಂದ ವಿನಾಯಿತಿ ಇಲ್ಲ. ರೇಸಿಗೆ ಸಲ್ಲುವ ಈ ನ್ಯಾಯ ಊರಿನ ಗ್ಯಾರೇಜಿಗೆ ಏಕೆ ಸಲ್ಲಬಾರದು?

ಗ್ರಾಹಕ ಕೇಳಬೇಕಾದದ್ದು ಬಹಳವೇನಿಲ್ಲ. ಎಂಜಿನ್ ಬಿಚ್ಚುವ ಮೊದಲು ಖರ್ಚಿನ ಅಂದಾಜನ್ನು ಬರವಣಿಗೆಯಲ್ಲಿ ಪಡೆಯಬೇಕು. ಬೋರು, ಕ್ರ್ಯಾಂಕುಗಳ ಅಳತೆಯನ್ನು ಕಾಗದದ ಮೇಲೆ ಬರೆಸಿಕೊಳ್ಳಬೇಕು. ಬದಲಿಸಿದ ಹಳೆಯ ಸಾಮಾನನ್ನು ಮರಳಿ ಕೇಳಬೇಕು. ಬಿಲ್ಲಿನಲ್ಲಿ ಬಿಡಿಭಾಗದ ಸಂಖ್ಯೆ ಇರಬೇಕು. ಲೇತ್ ಕೆಲಸ ಒಬ್ಬರದು, ಪಂಪು ಇನ್ನೊಬ್ಬರದು, ಜೋಡಣೆ ಮತ್ತೊಬ್ಬರದು ಎಂದಾದಾಗ ಕೊನೆಗೆ ಹೊಣೆ ಯಾರದು ಎಂಬುದು ಮೊದಲೇ ನಿರ್ಧಾರವಾಗಬೇಕು. ಇಷ್ಟು ದಾಖಲೆ ಕೈಯಲ್ಲಿದ್ದರೆ ಸೇವೆಯಲ್ಲಿ ಲೋಪವಾದಾಗ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2 ವರ್ಷಗಳೊಳಗೆ ಜಿಲ್ಲಾ ಆಯೋಗದ ಮೊರೆ ಹೋಗಬಹುದು. ದಾಖಲೆ ಇಲ್ಲದಿದ್ದರೆ ಉಳಿಯುವುದು ಮಾತಿಗೆ ಮಾತು ಮಾತ್ರ.

ಸರ್ಕಾರದ ಪಾಲೂ ಇದೆ. ಟಾಟಾ ಟೆಕ್ನಾಲಜೀಸ್ ಸಹಭಾಗಿತ್ವದಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸುವ ಕೆಲಸ ನಡೆದಿದೆ. ಅದರ ಫಲ ಹದಿಹರೆಯದ ವಿದ್ಯಾರ್ಥಿಗಷ್ಟೇ ಸೀಮಿತವಾಗಬೇಕೇ? ಇಪ್ಪತ್ತು ವರ್ಷ ಎಂಜಿನ್ ಬಿಚ್ಚಿ ಅನುಭವ ಗಳಿಸಿದ ಮಿಸ್ತ್ರಿಗೂ ಕೆಲವು ವಾರಗಳ ಸಂಜೆ ತರಬೇತಿ, ಸ್ಕ್ಯಾನರ್ ಬಳಕೆಯ ಪಾಠ ಹಾಗೂ ಪ್ರಮಾಣಪತ್ರ ದೊರೆಯುವಂತಾಗಬೇಕು. ಇಲ್ಲವಾದರೆ ಕೆಲಸ ಹುಬ್ಬಳ್ಳಿ, ಬೆಳಗಾವಿಗಳ ದೊಡ್ಡ ಸರ್ವಿಸ್ ಕೇಂದ್ರಗಳ ಪಾಲಾಗಿ, ತಾಲೂಕಿನ ಗ್ಯಾರೇಜುಗಳು ಒಂದೊಂದಾಗಿ ಬಾಗಿಲು ಹಾಕುವ ದಿನ ದೂರವಿಲ್ಲ.

ಕೈಗುಣವನ್ನು ನಂಬುವುದು ಈ ನಾಡಿನ ಸ್ವಭಾವ. ಅದು ಒಳ್ಳೆಯ ಸ್ವಭಾವವೇ ಹೌದು. ಆದರೆ ನಿಮಿಷಕ್ಕೆ ಲಕ್ಷ ಸುತ್ತು ತಿರುಗುವ ಯಂತ್ರಕ್ಕೆ ಕೈಗುಣದ ಜೊತೆಗೆ ಅಳತೆಯ ಸಾಕ್ಷಿಯೂ ಬೇಕು. ಆ ಸಾಕ್ಷಿಯನ್ನು ಕೇಳುವುದು ಮಿಸ್ತ್ರಿಗೆ ಮಾಡುವ ಅವಮಾನವಲ್ಲ. ಒಳ್ಳೆಯ ಮಿಸ್ತ್ರಿಯನ್ನು ಉಳಿಸಿಕೊಳ್ಳುವ ದಾರಿ.