ಮದುವೆಯ ಗಂಟು ಮತ್ತು ಚರ್ಚಿನ ಹೊಸ್ತಿಲು

'ಸರ್, ನಮ್ಮ ಅಪ್ಪಾ-ಅವ್ವಾ ಮತ್ತ ಚರ್ಚಿಗೆ ಹೋಗಬಹುದೇನ್ರಿ?' ಬನಹಟ್ಟಿಯ ಯುವಕನೊಬ್ಬ ಇತ್ತೀಚೆಗೆ ನನ್ನ ಮುಂದಿಟ್ಟ ಪ್ರಶ್ನೆ ಇದು. ಹೋಗಬೇಡಿ ಎಂದವರಾರು ಎಂದು ಕೇಳಿದೆ. ಯಾರೂ ಹೇಳಿಲ್ಲವಂತೆ. ಮೂವತ್ತು ವರ್ಷಗಳಿಂದ ಅವರೇ ಹಾಗೆಂದು ತಿಳಿದುಕೊಂಡಿದ್ದಾರೆ.

ಗುರುತು ಸಿಗದಂತೆ ತುಸು ಬದಲಿಸಿ ಆ ಮನೆಯ ಕಥೆ ಹೇಳುತ್ತೇನೆ. ತಂದೆ ಹುಟ್ಟಿನಿಂದ ಕಥೋಲಿಕರು. ತಾಯಿ ಗುಳೇದಗುಡ್ಡದ ಕಡೆಯ ಪ್ರೊಟೆಸ್ಟಂಟ್ ಮನೆತನದವರು. 1851ರಲ್ಲಿ ಬಾಸೆಲ್ ಮಿಷನ್ ಅಲ್ಲಿ ನೆಲೆಯೂರಿದ್ದರಿಂದ ನಮ್ಮ ಸೀಮೆಯಲ್ಲಿ ಕ್ರೈಸ್ತರೆಂದರೆ ಮೊದಲು ನೆನಪಾಗುವುದು ಆ ಪರಂಪರೆಯೇ. ಆಕೆಗೆ ಎಳೆಯ ವಯಸ್ಸಿನಲ್ಲಿ, ಹಿರಿಯರ ಒತ್ತಾಯಕ್ಕೆ, ತಮ್ಮದೇ ಚರ್ಚಿನಲ್ಲಿ ಮದುವೆಯಾಗಿತ್ತು. ಗಂಡ ಕೆಲವೇ ತಿಂಗಳಲ್ಲಿ ಬಿಟ್ಟುಹೋದ. ವರ್ಷಗಳ ನಂತರ ಈಗಿನ ಯಜಮಾನರು ನಾಲ್ಕು ಜನರ ಸಮಕ್ಷಮ ಮನೆಯಲ್ಲೇ ತಾಳಿ ಕಟ್ಟಿದರು. ಮಕ್ಕಳಾದರು, ಮಗ್ಗದ ಸದ್ದಿನ ನಡುವೆ ಸಂಸಾರ ನಡೆಯಿತು. ಕ್ರಿಸ್‌ಮಸ್ ರಾತ್ರಿ ತಂದೆ ಕೊನೆಯ ಬೆಂಚಿನಲ್ಲಿ ಕುಳಿತು, ಪರಮಪ್ರಸಾದದ ಹೊತ್ತಿಗೆ ಎದ್ದು ಹೊರಬರುತ್ತಿದ್ದರು. ಕ್ರಮೇಣ ಅದೂ ನಿಂತಿತು. ಈಗ ಹೃದಯದ ಕಾಯಿಲೆ. 'ಸತ್ತರೆ ಫಾದರ್ ಬರ್ತಾರೇನು?' ಎಂದು ಅವರು ಮಗನನ್ನು ಕೇಳಿದ್ದಾರೆ.

ಇದರಲ್ಲಿ ಆಕೆಯ ತಪ್ಪು ಎಷ್ಟು ಎಂದು ಯೋಚಿಸುವ ಮೊದಲು ಅಂದಿನ ಕಾನೂನನ್ನು ನೋಡಬೇಕು. ಭಾರತದ ಕ್ರೈಸ್ತರ ವಿಚ್ಛೇದನವನ್ನು ನಿಯಂತ್ರಿಸುತ್ತಿದ್ದುದು 1869ರ ಕಾಯ್ದೆ. ಹೆಂಡತಿಯ ವ್ಯಭಿಚಾರವೊಂದನ್ನೇ ಮುಂದಿಟ್ಟು ಗಂಡ ವಿಚ್ಛೇದನ ಪಡೆಯಬಹುದಿತ್ತು. ಹೆಂಡತಿಯಾದರೋ ಗಂಡನ ವ್ಯಭಿಚಾರದ ಜೊತೆಗೆ ಕ್ರೌರ್ಯವನ್ನೋ ಪರಿತ್ಯಾಗವನ್ನೋ ಸಾಬೀತುಪಡಿಸಬೇಕಿತ್ತು. ಗಂಡ ಬಿಟ್ಟುಹೋದನೆಂಬ ಕಾರಣವೊಂದೇ ಸಾಲುತ್ತಿರಲಿಲ್ಲ. ಪರಸ್ಪರ ಒಪ್ಪಿಗೆಯ ವಿಚ್ಛೇದನ ಇರಲೇ ಇಲ್ಲ. ಜಿಲ್ಲಾ ನ್ಯಾಯಾಲಯದ ತೀರ್ಪಿಗೆ ಹೈಕೋರ್ಟಿನ ದೃಢೀಕರಣವೂ ಬೇಕಿತ್ತು. ಈ ಅನ್ಯಾಯ ತೊಲಗಿದ್ದು 2001ರ ತಿದ್ದುಪಡಿಯಿಂದ. ಅದಕ್ಕೂ ಮುಂಚೆ ಗಂಡ ತೊರೆದ ಹೆಣ್ಣುಮಗಳಿಗೆ ಇದ್ದ ದಾರಿ ಎರಡೇ: ಜೀವನಪೂರ್ತಿ ಒಂಟಿಯಾಗಿರುವುದು, ಇಲ್ಲವೇ ಕಾನೂನಿನ ಹೊರಗೆ ಮನೆ ಕಟ್ಟುವುದು. ಆಕೆ ಮನೆ ಕಟ್ಟಿದರು. ಅದನ್ನು ಪಾಪವೆನ್ನುವ ಧೈರ್ಯ ನನಗಿಲ್ಲ.

ಧರ್ಮಸಭೆಯ ಲೆಕ್ಕವೇ ಬೇರೆ. ಕಥೋಲಿಕರೊಬ್ಬರು ತಮ್ಮ ಧರ್ಮಸಭೆಯ ವಿಧಿಯ ಹೊರಗೆ, ಅನುಮತಿಯಿಲ್ಲದೆ, ತಾಳಿ ಕಟ್ಟಿಯೋ ನೋಂದಣಿ ಕಚೇರಿಯಲ್ಲೋ ಮಾಡಿಕೊಂಡ ಮದುವೆ ಅದರ ದೃಷ್ಟಿಯಲ್ಲಿ ಸಿಂಧುವಲ್ಲ. ಆದರೆ ಪ್ರೊಟೆಸ್ಟಂಟರಿಬ್ಬರು ತಮ್ಮ ಚರ್ಚಿನಲ್ಲಿ ಆದ ಮದುವೆಯನ್ನು ಅದು ಸಿಂಧುವೆಂದೇ ಭಾವಿಸುತ್ತದೆ. 'ಅದು ನಮ್ಮ ಚರ್ಚಿನ ಮದುವೆಯಲ್ಲ, ಲೆಕ್ಕಕ್ಕಿಲ್ಲ' ಎಂದುಕೊಂಡ ಹಲವರು ಎಡವುವುದು ಇಲ್ಲಿಯೇ. ಹೀಗಾಗಿ ಬನಹಟ್ಟಿಯ ಈ ದಂಪತಿಯ ಮಟ್ಟಿಗೆ ಲೆಕ್ಕಕ್ಕೆ ಬಾರದಿರುವುದು ಮೂವತ್ತು ವರ್ಷದ ಸಂಸಾರ, ಲೆಕ್ಕಕ್ಕಿರುವುದು ಕೆಲವೇ ತಿಂಗಳ ಆ ಮದುವೆ! ಕೇಳಿದವರಿಗೆ ಇದು ಕ್ರೂರವೆನಿಸಿದರೆ ಆಶ್ಚರ್ಯವಿಲ್ಲ.

ಹಾಗೆಂದು ದಾರಿಯೇ ಇಲ್ಲವೆಂದಲ್ಲ. ಮೊದಲು ಕೇಳಬೇಕಾದದ್ದು, ಆ ಮೊದಲ ಗಂಡ ಬದುಕಿದ್ದಾನೆಯೇ ಎಂಬುದನ್ನು. ತೀರಿಕೊಂಡಿದ್ದರೆ ಮರಣ ಪತ್ರವೊಂದೇ ಆ ಗಂಟನ್ನು ಬಿಚ್ಚುತ್ತದೆ. ಎಷ್ಟೋ ವರ್ಷದಿಂದ ಸುದ್ದಿಯಿಲ್ಲ ಎಂಬುದು ಮಾತ್ರ ಧರ್ಮಸಭೆಗೆ ಸಾಲದು. ಬದುಕಿದ್ದರೆ, ಆ ಮದುವೆ ಮೊದಲಿನಿಂದಲೂ ಅಸಿಂಧುವಾಗಿತ್ತೇ ಎಂಬುದನ್ನು ಧರ್ಮಪ್ರಾಂತದ ನ್ಯಾಯಮಂಡಳಿ ಪರಿಶೀಲಿಸಬೇಕು. ಇದು ವಿಚ್ಛೇದನವಲ್ಲ. ಇದ್ದ ಮದುವೆಯನ್ನು ಮುರಿಯುವುದಲ್ಲ, ಒಪ್ಪಿಗೆಯೆಂಬುದು ಆ ದಿನ ನಿಜವಾಗಿ ಇತ್ತೇ ಎಂದು ನೋಡುವುದು. ಬಲವಂತಕ್ಕೆ ಮಣಿದು ಹೇಳಿದ 'ಹೂಂ' ಒಪ್ಪಿಗೆಯಲ್ಲ ಎಂಬುದನ್ನು ಕ್ಯಾನನ್ ಕಾನೂನು ಸ್ಪಷ್ಟವಾಗಿ ಮನ್ನಿಸುತ್ತದೆ. ಹದಿಹರೆಯದಲ್ಲೇ ಹಸೆಮಣೆ ಏರಿಸಲ್ಪಟ್ಟ ನಮ್ಮ ಕಡೆಯ ಹೆಣ್ಣುಮಕ್ಕಳ ಪೈಕಿ ಎಷ್ಟು ಜನ ಮನಸಾರೆ ಹೂಂ ಎಂದಿದ್ದರೋ!

ಈ ವಿಚಾರಣೆ ಹಿಂದೆ ದೀರ್ಘವಾಗಿತ್ತು. 18ನೇ ಶತಮಾನದಿಂದಲೂ ಒಂದು ಮಂಡಳಿಯ ತೀರ್ಪನ್ನು ಇನ್ನೊಂದು ಮಂಡಳಿ ಎತ್ತಿಹಿಡಿಯಲೇಬೇಕಿತ್ತು. 2015ರಲ್ಲಿ ಪೋಪ್ ಫ್ರಾನ್ಸಿಸ್ ಆ ಎರಡನೆಯ ತೀರ್ಪಿನ ಕಡ್ಡಾಯವನ್ನು ತೆಗೆದುಹಾಕಿದರು. ಇಬ್ಬರೂ ಒಪ್ಪಿ, ಸಾಕ್ಷ್ಯ ಕಣ್ಣಿಗೆ ಕಾಣುವಂತಿದ್ದರೆ ಧರ್ಮಾಧ್ಯಕ್ಷರೇ ಶೀಘ್ರವಾಗಿ ತೀರ್ಮಾನಿಸುವ ಕ್ರಮವನ್ನೂ ತಂದರು. ಅರ್ಜಿದಾರರು ತಾವು ವಾಸಿಸುವ ಪ್ರಾಂತದಲ್ಲಿಯೇ ಅರ್ಜಿ ಹಾಕಬಹುದು. ಸಾಧ್ಯವಾದಷ್ಟು ಮಟ್ಟಿಗೆ ವಿಚಾರಣೆ ಉಚಿತವಾಗಿರಲಿ ಎಂದೂ ಅವರು ಹೇಳಿದರು. ಇಷ್ಟು ವರ್ಷಗಳಾದ ಮೇಲೂ ಬನಹಟ್ಟಿಯ ಆ ಮನೆಗೆ ಈ ಯಾವುದೂ ಗೊತ್ತಿರಲಿಲ್ಲ. 'ಲಕ್ಷ ರೂಪಾಯಿ ಖರ್ಚಾಗತೈತಂತ' ಎಂಬ ಗಾಳಿಮಾತು ಮಾತ್ರ ಗೊತ್ತಿತ್ತು.

ಮಗನಿಗಿದ್ದ ಇನ್ನೊಂದು ಅಂಜಿಕೆಯನ್ನು ಅವನು ಬಹಳ ಹೊತ್ತು ಬಾಯಿಬಿಟ್ಟು ಹೇಳಲಿಲ್ಲ. ಇದನ್ನೆಲ್ಲ ಕೆದಕಿದರೆ ತಾನೂ ತನ್ನ ತಂಗಿಯೂ ಏನಾಗುತ್ತೇವೆ ಎಂಬುದು. ಮೊದಲ ಮದುವೆ ಅಸಿಂಧುವೆಂದು ಘೋಷಿತವಾದರೂ ಅದರಲ್ಲಿ ಹುಟ್ಟಿದ ಮಕ್ಕಳಿಗೆ ಕಳಂಕವಿಲ್ಲ. ಹೆತ್ತವರು ಮುಂದೆ ಧರ್ಮಸಭೆಯಲ್ಲಿ ಮದುವೆಯಾದರೆ ಅದಕ್ಕೆ ಮೊದಲು ಅವರಿಗೆ ಹುಟ್ಟಿದ ಮಕ್ಕಳೂ ಔರಸರೆಂದೇ ಗಣಿತರಾಗುತ್ತಾರೆ. ಇದನ್ನು ಹೇಳಿದಾಗ ಅವನ ಮುಖ ಗೆಲುವಾಯಿತು.

ಇಲ್ಲಿ ಎಚ್ಚರಿಕೆಯೊಂದನ್ನು ಹೇಳಲೇಬೇಕು. ಧರ್ಮಸಭೆಯ ತೀರ್ಪಿಗೆ ಸರ್ಕಾರಿ ಕಾನೂನಿನಲ್ಲಿ ಬೆಲೆಯಿಲ್ಲ. ಸುಪ್ರೀಂ ಕೋರ್ಟ್ 1996ರಲ್ಲಿ ಮಾಲಿ ಜೋಸೆಫ್ ಪ್ರಕರಣದಲ್ಲಿ ಇದನ್ನು ಹೇಳಿತು. ಮಂಗಳೂರು ಕಡೆಯ ಕಥೋಲಿಕ ಮುಖಂಡ ಕ್ಲಾರೆನ್ಸ್ ಪಾಯ್ಸ್ 2013ರಲ್ಲಿ, ಈ ತೀರ್ಪುಗಳಿಗೆ ಮಾನ್ಯತೆ ಕೊಡಬೇಕೆಂದು ಅದೇ ನ್ಯಾಯಾಲಯದ ಮೊರೆ ಹೋದರು. ಮುಸ್ಲಿಮರ ತ್ರಿವಳಿ ತಲಾಖ್‌ಗೆ ಇರುವ ಮಾನ್ಯತೆ ನಮಗೇಕಿಲ್ಲ ಎಂಬುದು ಅವರ ವಾದಗಳಲ್ಲೊಂದು. 2017ರ ಜನವರಿಯಲ್ಲಿ ಅರ್ಜಿ ವಜಾ ಆಯಿತು. ಅದೇ ಆಗಸ್ಟ್‌ನಲ್ಲಿ ತ್ರಿವಳಿ ತಲಾಖ್ ಕೂಡ ಅಸಿಂಧುವಾಯಿತು. ಪಾಯ್ಸ್ ಅವರ ಕಳಕಳಿಯನ್ನು ಗೌರವಿಸುತ್ತಲೇ ಹೇಳುತ್ತೇನೆ, ಆ ತೀರ್ಪು ಸರಿಯಾದದ್ದು. ಮದುವೆಯ ಜೊತೆ ಜೀವನಾಂಶ, ಆಸ್ತಿ, ಪಿಂಚಣಿಗಳು ತಳುಕು ಹಾಕಿಕೊಂಡಿವೆ. ಅವುಗಳನ್ನು ಧರ್ಮಗುರುಗಳ ಮಂಡಳಿಗೆ, ಅದು ಯಾವ ಧರ್ಮದ್ದೇ ಆಗಿರಲಿ, ಒಪ್ಪಿಸಲಾಗದು. ಆದ್ದರಿಂದ ಈ ತಾಯಿ ಎರಡೂ ಬಾಗಿಲು ತಟ್ಟಬೇಕು. ಪರಿತ್ಯಾಗದ ಕಾರಣ ಕೊಟ್ಟು ಸಿವಿಲ್ ನ್ಯಾಯಾಲಯದಲ್ಲಿ ವಿಚ್ಛೇದನ ಪಡೆಯದಿದ್ದರೆ, ಚರ್ಚು ಒಪ್ಪಿದರೂ ಕಾನೂನಿನ ಕಣ್ಣಿಗೆ ಆಕೆ ಇನ್ನೊಬ್ಬನ ಹೆಂಡತಿ. ಆಗ ಮಾಡುವ ಮದುವೆ ದ್ವಿಪತಿತ್ವದ ಅಪರಾಧವಾಗುವ ಅಪಾಯವೂ ಇದೆ.

ಎರಡು ಬಾಗಿಲು, ಎರಡು ಕಡತ, ಎರಡು ಬಗೆಯ ಭಾಷೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಕಥೋಲಿಕರು ಕೈಬೆರಳೆಣಿಕೆಯಷ್ಟು. ಇಂಥ ಮಾತನ್ನು ಕೇಳುವುದಕ್ಕೂ ಪಕ್ಕದ ಮನೆಯವರಿಲ್ಲ. ಆಲಮಟ್ಟಿ ಹಿನ್ನೀರಿಗೆ ಮನೆಮಾರು ಕಳೆದುಕೊಂಡ ಬೀಳಗಿಯವರಿಗೆ ಕಾಗದಪತ್ರಕ್ಕಾಗಿ ಅಲೆಯುವುದೆಂದರೇನೆಂದು ಹೇಳಿಕೊಡಬೇಕಿಲ್ಲ. ಇಲ್ಲಿಯೂ ಕಥೆ ಅದೇ: ಜ್ಞಾನಸ್ನಾನದ ಪತ್ರ, ಮೊದಲ ಮದುವೆಯ ದಾಖಲೆಯ ನಕಲು, ಒತ್ತಾಯವನ್ನು ಕಣ್ಣಾರೆ ಕಂಡ ಸಾಕ್ಷಿಗಳು. ಸಾಕ್ಷಿ ಹೇಳಬೇಕಾದವರೆಲ್ಲ ಈಗ ಎಪ್ಪತ್ತು ದಾಟಿದವರು; ತಡವಾದಷ್ಟೂ ನಷ್ಟ. ಆದ್ದರಿಂದ ಜನ ನ್ಯಾಯಮಂಡಳಿಯ ಬಳಿಗೆ ಬರಲೆಂದು ಕಾಯುವುದು ಸಲ್ಲದು. ಕ್ಯಾನನ್ ಕಾನೂನು ಬಲ್ಲ ಪಾದ್ರಿಯೊಬ್ಬರು ವರ್ಷಕ್ಕೆರಡು ಬಾರಿಯಾದರೂ ಈ ತಾಲ್ಲೂಕುಗಳಿಗೆ ಬಂದು, ಕನ್ನಡದಲ್ಲಿ, ಗುಟ್ಟು ಕಾಯುವ ಭರವಸೆಯೊಂದಿಗೆ ಒಂದು ದಿನ ಕೂರಬೇಕು. ಜೊತೆಗೊಬ್ಬ ವಕೀಲರಿದ್ದರೆ ಇನ್ನೂ ಒಳ್ಳೆಯದು. ಲೋಕ ಅದಾಲತ್ ಊರಿಗೆ ಬರಬಹುದಾದರೆ ಇದೇಕೆ ಬರಬಾರದು?

ತೀರ್ಪು ಬರುವವರೆಗೆ ಏನು? ಮೊದಲನೆಯದಾಗಿ, ಬಲಿಪೂಜೆಗೆ ಹೋಗಿ ಕೂರಲು ಯಾರ ಅಡ್ಡಿಯೂ ಇಲ್ಲ. ಎರಡನೆಯದಾಗಿ, ಬರೀ ವಿಚ್ಛೇದನ ಪಡೆದವರಿಗೆ ಪರಮಪ್ರಸಾದ ನಿಷಿದ್ಧವಲ್ಲ, ತೊಡಕಿರುವುದು ಮರುಮದುವೆಯಲ್ಲಿ. 1981ರಲ್ಲಿ ಎರಡನೆಯ ಜಾನ್ ಪಾಲ್, ಅಂಥ ದಂಪತಿಗಳು ದೂರದವರಲ್ಲ, ಧರ್ಮಸಭೆಯ ಮಕ್ಕಳೇ ಎಂದರೂ, ಅಣ್ಣತಂಗಿಯರಂತೆ ಬಾಳಿದರೆ ಮಾತ್ರ ಸಂಸ್ಕಾರಗಳೆಂಬ ಕಟ್ಟಳೆಯನ್ನು ಉಳಿಸಿಕೊಂಡರು. 2016ರಲ್ಲಿ ಫ್ರಾನ್ಸಿಸ್, ಪ್ರತಿಯೊಂದು ಪ್ರಕರಣವನ್ನೂ ಪಾದ್ರಿಯೊಡನೆ ಕುಳಿತು ವಿವೇಚಿಸಬಹುದೆಂದರು. ಅದರ ಬಗ್ಗೆ ಧರ್ಮಸಭೆಯೊಳಗೇ ಜಗಳವಾಗಿದೆ. ಮರಣಶಯ್ಯೆಯಲ್ಲಿರುವವರು ಪಶ್ಚಾತ್ತಾಪಪಟ್ಟು ಕರೆದರೆ ಫಾದರ್ ಬರುತ್ತಾರೆ. ಆ ತಂದೆಗೆ ಇದನ್ನು ಇಂದೇ ಹೇಳಬೇಕು.

ಮಗನಿಗೂ ಒಂದು ಮಾತು ಹೇಳಿದೆ. ಹೊಸದಾಗಿ ಭಕ್ತಿ ಮೂಡಿದ ಮಕ್ಕಳು ಹೆತ್ತವರಿಗೆ ಉಪದೇಶಿಸಲು ಹೊರಡುತ್ತಾರೆ. ಮೂವತ್ತು ವರ್ಷ ಒಬ್ಬರನ್ನೊಬ್ಬರು ಸಾಕಿಸಲಹಿದವರೆದುರು 'ನಿಮ್ಮ ಮದುವೆ ಮದುವೆಯೇ ಅಲ್ಲ' ಎಂದು ಆಡಿದರೆ ಚರ್ಚಿನ ಜೊತೆಗೆ ಮಗನೂ ದೂರವಾಗುತ್ತಾನೆ. ತಾಯಿ ಕಥೋಲಿಕಳಾಗಲೇಬೇಕೆಂಬ ನಿಯಮವೂ ಇಲ್ಲ. ಆಕೆ ತಮ್ಮ ಚರ್ಚಿನಲ್ಲೇ ಉಳಿದು, ಅನುಮತಿ ಪಡೆದು, ಇವರನ್ನು ಮದುವೆಯಾಗಬಹುದು. ಹಳೆಯದನ್ನು ಕೆದಕಲು ಆಕೆ ಒಲ್ಲೆನೆಂದರೆ ಅಲ್ಲಿಗೆ ನಿಲ್ಲಬೇಕು. ಏಕೆಂದರೆ ಅರ್ಜಿ ಆಕೆಯದು, ಗಾಯವೂ ಆಕೆಯದೇ.

ಎರಡು ವಾರದ ನಂತರ ಅವನು ಫೋನ್ ಮಾಡಿದ. ಅವ್ವ ಮೂರು ದಿನ ಮಾತಾಡಲಿಲ್ಲವಂತೆ. ನಾಲ್ಕನೆಯ ದಿನ ತಮ್ಮ ಸೋದರಮಾವನ ಮನೆಯ ವಿಳಾಸ ಬರೆದುಕೊಟ್ಟು, 'ಆವತ್ತು ನಾ ಅತ್ತಿದ್ದು ಮಾಮಾಗ ಗೊತ್ತೈತಿ, ಕೇಳು' ಎಂದರಂತೆ.