ಜಾಮೂನು ಡಬ್ಬಿ: ಲಾಭ ಯಾರಿಗೆ?

ಹಬ್ಬ ಹತ್ತಿರ ಬಂತೆಂದರೆ ಹಾಸನದ ಕಟ್ಟಿನಕೆರೆ ಮಾರುಕಟ್ಟೆ ಸುತ್ತಲಿನ ದಿನಸಿ ಅಂಗಡಿಗಳಲ್ಲಿ ಜಾಮೂನು ಡಬ್ಬಿಗಳ ಗೋಪುರ ಏಳುತ್ತದೆ. ಬೆಲ್ಲದ ಅಚ್ಚು, ಕಡಲೆಬೇಳೆ ಮೂಟೆ ಹಿಂದಕ್ಕೆ ಸರಿಯುತ್ತವೆ. ಬಣ್ಣದ ಡಬ್ಬಿ ಮುಂದಕ್ಕೆ ಬರುತ್ತದೆ. "ಒಂದ್ ತಗೊಂಡ್ರೆ ಒಂದ್ ಫ್ರೀ ಅಕ್ಕಾ" ಎಂಬ ಕೂಗು ಬೇರೆ. ಅರಸೀಕೆರೆ ಬಸ್ಸಿಗೆ ಹೊತ್ತಾಯಿತೆಂದು ಓಡುವವರೂ ಒಂದು ಗಳಿಗೆ ನಿಂತು ಚೀಲಕ್ಕೆ ಎರಡು ಡಬ್ಬಿ ಇಳಿಸಿಕೊಂಡೇ ಓಡುತ್ತಾರೆ.

ಬಸ್ಸಿನಲ್ಲಿ ಸೀಟು ಸಿಕ್ಕ ಮೇಲೆ ಚರ್ಚೆ ಶುರು. "ದುಡ್ಡು ದಂಡ ಕಣೇ, ಒಳಗಿರೋದು ಬರೀ ಮೈದಾ" ಎನ್ನುತ್ತಾರೆ ಒಬ್ಬರು. "ಇನ್ನೇನ್ ಮಾಡ್ಲಿ, ಹಾಲು ಮಗುಚ್ತಾ ಕೂತ್ಕೊಳ್ಳೋಕೆ ಪುರುಸೊತ್ತೆಲ್ಲಿದೆ?" ಎನ್ನುತ್ತಾರೆ ಇನ್ನೊಬ್ಬರು. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಲೆಕ್ಕ ಮಾತ್ರ ಯಾರೂ ಹಾಕುವುದಿಲ್ಲ.

ಹಾಕಿಯೇ ಬಿಡೋಣವೇ? 200 ಗ್ರಾಂ ಡಬ್ಬಿಗೆ 130 ರೂ. ಎಂದಿಟ್ಟುಕೊಳ್ಳಿ. ಅಂದರೆ ಪುಡಿಯ ಬೆಲೆ ಕೆಜಿಗೆ 650 ರೂ. ಹೀಗೆ ಹೇಳಿದರೆ ಎಂಥವರಿಗೂ ಎದೆ ಧಸಕ್ಕೆನ್ನುತ್ತದೆ. ಡಬ್ಬಿಯ ಮೇಲಿನ ಚಿತ್ರದಲ್ಲಿ ಬಟ್ಟಲು ತುಂಬ ಪಾಕ, ಅದರಲ್ಲಿ ಮುಳುಗಿ ತೇಲುವ ಜಾಮೂನು. ಡಬ್ಬಿಯೊಳಗೆ ಆ ಪಾಕ ಇಲ್ಲ, ಕರಿಯುವ ಎಣ್ಣೆಯೂ ಇಲ್ಲ. ಅಷ್ಟು ಪುಡಿಗೆ ಮುಕ್ಕಾಲು ಕೆಜಿಗೂ ಮೇಲೆ ಸಕ್ಕರೆ ಬೇಕು. ಸಕ್ಕರೆಗೆ 40 ರೂ., ಎಣ್ಣೆ ಮತ್ತು ಗ್ಯಾಸಿಗೆ ಇನ್ನೊಂದು 40 ರೂ. ಸೇರಿಸಿದರೆ ಒಟ್ಟು 210 ರೂ. ಆಯಿತು.

ಜಾಮೂನು ಎಷ್ಟಾಯಿತು? ಡಬ್ಬಿಯವರು 40 ಎಂದರೆ ಒಂದೊಂದಕ್ಕೆ 5 ಗ್ರಾಂ ಪುಡಿ ಎಂದಾಯಿತು. ಮಕ್ಕಳು ಆಡುವ ಗೋಲಿಗಿಂತ ಅಷ್ಟೇನೂ ದೊಡ್ಡದಲ್ಲ. ನೆಂಟರ ಮುಂದೆ ಮರ್ಯಾದೆಯಾಗಿ ಇಡುವಂಥದ್ದು ಬೇಕಾದರೆ 30ಕ್ಕೆ ನಿಲ್ಲಿಸಬೇಕು. ಆಗ ಒಂದಕ್ಕೆ 7 ರೂ. ಬಿತ್ತು. ಎರಡು ಡಬ್ಬಿಗೆ ಒಂದೇ ಬೆಲೆ ಎಂಬ ಸ್ಕೀಮಿನಲ್ಲಿ ಕೊಂಡಿದ್ದರೆ ಪುಡಿಯ ಖರ್ಚು 65 ರೂ.ಗೆ ಇಳಿದು, ಒಂದು ಜಾಮೂನಿಗೆ 5 ರೂ. ಕೂಡ ಬೀಳುವುದಿಲ್ಲ.

ಈಗ ಹಾಲಿನ ಕಡೆ ಬರೋಣ. ಹಾಸನ ಹಾಲಿಗೆ ಹೆಸರಾದ ಜಿಲ್ಲೆ. ಹಳ್ಳಿ ಹಳ್ಳಿಗೂ ಡೇರಿ ಇದೆ. ಹಾಗಿದ್ದೂ ಪೇಟೆಯಲ್ಲಿ ಒಳ್ಳೆ ಖೋವಾ ಹುಡುಕಿ ತರುವುದು ಸುಲಭವಲ್ಲ, ಸಿಕ್ಕರೂ ಅದಕ್ಕೆ ಏನು ಬೆರೆಸಿದ್ದಾರೋ ಎಂಬ ಅನುಮಾನ. (ಸ್ವಲ್ಪ ಖೋವಾ ನೀರಲ್ಲಿ ಕುದಿಸಿ, ಆರಿದ ಮೇಲೆ ಒಂದು ತೊಟ್ಟು ಅಯೋಡಿನ್ ಬಿಟ್ಟು ನೋಡಿ. ನೀಲಿ ಬಣ್ಣ ಬಂದರೆ ಅದಕ್ಕೆ ಹಿಟ್ಟು ಬೆರೆಸಿದ್ದಾರೆಂದೇ ಅರ್ಥ.) ಮನೆಯಲ್ಲೇ ಕಾಯಿಸುವುದಾದರೆ 200 ಗ್ರಾಂ ಖೋವಾಕ್ಕೆ ಹತ್ತಿರ ಹತ್ತಿರ ಒಂದೂಕಾಲು ಲೀಟರ್ ಹಾಲು ಬೇಕು. 2025ರ ಏಪ್ರಿಲ್ 1ರಂದು ನಂದಿನಿ ಹಾಲು ಲೀಟರಿಗೆ 4 ರೂ. ಏರಿ, ನೀಲಿ ಪ್ಯಾಕೆಟ್ 46 ರೂ.ಗೆ ಬಂತು. ಆ ಲೆಕ್ಕದಲ್ಲಿ ಹಾಲಿಗೆ 58 ರೂ., ಚೂರು ಮೈದಾ, ಮೇಲಿಷ್ಟು ಗ್ಯಾಸು. ಸಕ್ಕರೆ ಎಣ್ಣೆ ಎಲ್ಲ ಸೇರಿ 150 ರೂ.ಗಳ ಆಸುಪಾಸು.

ಅಂದರೆ ಪೂರ್ತಿ ಬೆಲೆ ಕೊಟ್ಟು ಡಬ್ಬಿ ಕೊಂಡರೆ ಮನೆ ಖೋವಾಕ್ಕಿಂತ 60 ರೂ. ಹೆಚ್ಚು. ಸ್ಕೀಮಿನಲ್ಲಿ ಕೊಂಡರೆ ಎರಡೂ ಒಂದೇ. ಡಬ್ಬಿ ಬೇಡ, ಖೋವಾನೂ ಬೇಡ ಎನ್ನುವವರು ಹಾಲಿನ ಪುಡಿ ಒಂದು ಬಟ್ಟಲು, ಮೈದಾ ಕಾಲು ಬಟ್ಟಲು, ಚಿಟಿಕೆ ಸೋಡಾ, ಒಂದು ಚಮಚ ತುಪ್ಪ ಬೆರೆಸಿ, ಹಾಲು ಚಿಮುಕಿಸಿ ಕಲಸಿಕೊಳ್ಳುತ್ತಾರೆ. ಡಬ್ಬಿಯೊಳಗಿನ ಗುಟ್ಟೂ ಹೆಚ್ಚು ಕಡಿಮೆ ಅಷ್ಟೇ.

ಆ 60 ರೂ. ಯಾತಕ್ಕೆ ಹೋಯಿತು? ಒಂದು ಗಂಟೆಗೆ ಹೋಯಿತು. ಹಾಲು ತಳ ಹಿಡಿಯದಂತೆ ಒಲೆ ಮುಂದೆ ನಿಂತು ಮಗುಚುವ ಒಂದು ಗಂಟೆ. "ನಮ್ಮ ಕಾಲದಲ್ಲಿ ಎಲ್ಲಾ ಮನೇಲೇ ಮಾಡ್ತಿದ್ರು" ಎಂದು ಜಗಲಿ ಮೇಲೆ ಕೂತು ಹೇಳುವ ಯಜಮಾನರು ಆ ಸೌಟು ಹಿಡಿದವರಲ್ಲ. ಹಿಡಿದವರ ಗಂಟೆಗೆ ಆಗ ಯಾರೂ ಬೆಲೆ ಕಟ್ಟಲಿಲ್ಲ, ಆದ್ದರಿಂದ ಅದು ಪುಕ್ಕಟೆಯಾಗಿ ಕಂಡಿತು. ಬೆಳಿಗ್ಗೆ ಕತ್ತಲಲ್ಲೇ ಡಬ್ಬಿ ಕಟ್ಟಿಕೊಂಡು ಗಾರ್ಮೆಂಟ್ಸಿಗೆ ಹೊರಟು, ಸಂಜೆ ಏಳಕ್ಕೆ ಬಸ್ಸಿಳಿಯುವ ಹೆಣ್ಣುಮಗಳಿಗೆ ಹಬ್ಬದ ಹಿಂದಿನ ರಾತ್ರಿಯ ಒಂದು ಗಂಟೆ 60 ರೂ.ಗೆ ಸಿಕ್ಕರೆ ಅದು ದುಬಾರಿಯೇ? ಖಂಡಿತ ಅಲ್ಲ. ಆಕೆಯನ್ನು ಸೋಮಾರಿ ಎನ್ನುವವರಿಗೆ ನಾಚಿಕೆಯಾಗಬೇಕು.

ಅಷ್ಟಕ್ಕೂ ಈ ಮಿಕ್ಸು ಸೋಮಾರಿತನದಿಂದ ಹುಟ್ಟಿದ್ದಲ್ಲ. 1924ರಲ್ಲಿ ಶುರುವಾದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್‌ನವರು ಎರಡನೇ ಮಹಾಯುದ್ಧದ ಅಕ್ಕಿ ಬರದಲ್ಲಿ ರವೆ ಇಡ್ಲಿ ಮಾಡಿ ತೋರಿಸಿದರು. 1975ರ ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗೆ ಸರ್ಕಾರ ಬೆಲೆ ಕಟ್ಟಿದಾಗ ಹೋಟೆಲ್ ನಡೆಸುವುದೇ ಕಷ್ಟವಾಗಿ, ಪುಡಿ, ಮಿಕ್ಸುಗಳ ವ್ಯಾಪಾರಕ್ಕೆ ತಿರುಗಿದರು. ಕಷ್ಟಕ್ಕೆ ಕಂಡುಕೊಂಡ ದಾರಿ ಮುಂದೆ ದೊಡ್ಡ ಕಂಪನಿಯಾಯಿತು, 2007ರಲ್ಲಿ ನಾರ್ವೆಯ ಓರ್ಕ್ಲಾ ಪಾಲಾಯಿತು.

ಹಾಗೆಂದು ಮಿಕ್ಸೆಂಬ ಮಿಕ್ಸಿಗೆಲ್ಲ ಕಣ್ಮುಚ್ಚಿ ದುಡ್ಡು ಸುರಿಯಬೇಕಿಲ್ಲ. ಜಾಮೂನು ಡಬ್ಬಿಯಲ್ಲಿ ಹಾಲಿನ ಪುಡಿಯಾದರೂ ಇದೆ. ಬಜ್ಜಿ ಮಿಕ್ಸಿನಲ್ಲಿ ಏನಿದೆ? ಕಡಲೆಹಿಟ್ಟು, ಅಕ್ಕಿಹಿಟ್ಟು, ಉಪ್ಪು, ಖಾರ, ಸೋಡಾ. ಎಲ್ಲ ಮನೆಯಲ್ಲೇ ಇರುತ್ತದೆ, ಉಳಿಯುವುದು ಎರಡು ನಿಮಿಷ ಮಾತ್ರ. ಅದಕ್ಕೂ ಹೆಚ್ಚು ಬೆಲೆ ಕೊಡುವವರು ಉಪ್ಪನ್ನು ಕಡಲೆಹಿಟ್ಟಿನ ರೇಟಿಗೆ ಕೊಂಡಂತೆ. ಮೈಸೂರು ಪಾಕಿನದಂತೂ ಬೇರೆಯೇ ಕಥೆ. ಅದರ ಗುಟ್ಟಿರುವುದು ಹಿಟ್ಟಿನಲ್ಲಲ್ಲ, ಪಾಕದ ಹದದಲ್ಲಿ, ಕಾದ ತುಪ್ಪದಲ್ಲಿ, ಕೈಯಲ್ಲಿ. ಯಾವ ಡಬ್ಬಿಯೂ ಆ ಹದವನ್ನು ಕಟ್ಟಿಕೊಡಲಾರದು.

ಕೊಳ್ಳುವವರು ಡಬ್ಬಿಯ ಮುಂಭಾಗದ ಚಿತ್ರ ಬಿಟ್ಟು ಹಿಂಭಾಗ ನೋಡಬೇಕು. ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದನ್ನು ಮೊದಲು ಬರೆಯಬೇಕೆಂಬುದು ನಿಯಮ. ಮೈದಾ ಮೊದಲಿದೆಯೋ, ಹಾಲಿನ ಪುಡಿಯೋ ಎಂದು ಒಂದು ಕಣ್ಣು ಹಾಯಿಸಿದರೆ ಸಾಕು. ತೂಕವನ್ನೂ ನೋಡಿ. ಡಬ್ಬಿ ಅಷ್ಟೇ ದೊಡ್ಡದಿದ್ದು ಒಂದರಲ್ಲಿ 200 ಗ್ರಾಂ, ಪಕ್ಕದ್ದರಲ್ಲಿ 175 ಇರುವುದುಂಟು. 2022ರಿಂದ ಗ್ರಾಂಗೆ ಎಷ್ಟು ಬೆಲೆ ಎಂಬುದನ್ನೂ ಅಚ್ಚು ಹಾಕಬೇಕೆಂಬ ನಿಯಮ ಬಂದಿದೆ. ಅಕ್ಷರ ಇರುವೆ ಗಾತ್ರದ್ದು, ಕನ್ನಡಕ ಬೇಕಾದೀತು, ಆದರೂ ಓದಬೇಕು. ಜಾಮೂನು ಒಳಗೆ ಗಟ್ಟಿಯಾಯಿತೆಂದು ಅಂಗಡಿಯವರ ಮೇಲೆ ಎಗರಾಡುವವರಿಗೂ ಒಂದು ಮಾತು: ಚಪಾತಿ ಹಿಟ್ಟಿನಂತೆ ನಾದಿದರೆ, ಹೊಗೆಯಾಡುವ ಎಣ್ಣೆಗೆ ಬಿಟ್ಟರೆ ಯಾವ ಕಂಪನಿಯ ಪುಡಿಯೂ ಮೆತ್ತಗಾಗದು. ಹಗುರ ಕೈಯಲ್ಲಿ ಕಲಸಿ, ಸಣ್ಣ ಉರಿಯಲ್ಲಿ ಕರಿಯಬೇಕು. ಪಾಕ ಎಳೆ ಬರಬೇಕಾಗಿಲ್ಲ, ಬೆಚ್ಚಗಿದ್ದರಾಯಿತು. ಇಷ್ಟು ತಪ್ಪಿದರೆ ಪುಡಿಯ ಜತೆ ಸಕ್ಕರೆಯೂ ದಂಡ.

ಇನ್ನು ಅಂಗಡಿಯವರ ಗೋಳು. ದೊಡ್ಡ ಮಾಲಿನವರು ಲಾರಿಗಟ್ಟಲೆ ಎತ್ತುತ್ತಾರೆ, ಸ್ಕೀಮಿನ ಮೇಲೆ ಇನ್ನೊಂದಿಷ್ಟು ಬೆಲೆ ಇಳಿಸುತ್ತಾರೆ. ಬೀದಿ ತಿರುವಿನ ದಿನಸಿಯವರಿಗೆ ಬರುವುದು ಒಂದೋ ಎರಡೋ ಪೆಟ್ಟಿಗೆ. ಹಬ್ಬ ಕಳೆದ ಮೇಲೆ ಉಳಿದದ್ದು ಮುಂದಿನ ಹಬ್ಬದವರೆಗೆ ಕಪಾಟಿನಲ್ಲಿ ತೂಕಡಿಸುತ್ತದೆ. ಅವರ ಸಂಕಟ ಸುಳ್ಳಲ್ಲ.

ಆದರೆ ಆ ಸಂಕಟಕ್ಕೆ ಕೆಲವರು ಕಂಡುಕೊಂಡಿರುವ ಮದ್ದು ಮಾತ್ರ ಒಪ್ಪತಕ್ಕದ್ದಲ್ಲ. ಜೋಡಿ ಡಬ್ಬಿಯ ಸುತ್ತಲಿನ ಪ್ಲಾಸ್ಟಿಕ್ ಹರಿದು, ಎರಡನ್ನೂ ಬಿಡಿಬಿಡಿಯಾಗಿ ಪೂರ್ತಿ ಬೆಲೆಗೆ ಮಾರುವುದು! ಕೇಳಿದರೆ "ಸ್ಕೀಮ್ ಮುಗೀತು ತಾಯಿ" ಎಂಬ ಉತ್ತರ. ಮೇಲಿನ ಲೆಕ್ಕದಲ್ಲಿ 5 ರೂ.ಗೆ ಬೀಳಬೇಕಿದ್ದ ಜಾಮೂನು ಹೀಗೇ 7 ರೂ. ಆಗುತ್ತದೆ. ಕಂಪನಿ ಕೊಟ್ಟ ರಿಯಾಯಿತಿ ಗಿರಾಕಿಗೆ ತಲುಪದೆ ಗಲ್ಲಾಪೆಟ್ಟಿಗೆಯಲ್ಲೇ ಕೂರುತ್ತದೆ. ವರ್ಷವಿಡೀ ಸಾಲದ ಪುಸ್ತಕದಲ್ಲಿ ನಂಬಿಕೆಯಿಂದ ವ್ಯಾಪಾರ ಮಾಡುವ ಅಂಗಡಿಯವರು 65 ರೂ.ಗಾಗಿ ಆ ಗಿರಾಕಿಯನ್ನು ಮಾಲಿನ ಬಾಗಿಲಿಗೆ ತಾವೇ ಕಳಿಸಿಕೊಡುವುದು ಯಾವ ಜಾಣತನ?

ಕಾನೂನು ಮಾಪನಶಾಸ್ತ್ರ ಇಲಾಖೆಯವರು ತಕ್ಕಡಿ, ಬಟ್ಟು ನೋಡಲು ಬರುವುದುಂಟು. ಹಬ್ಬದ ವಾರದಲ್ಲಿ ಒಮ್ಮೆ ಸಂಜೆ ಹೊತ್ತು, ಮುಂಚೆ ಸುದ್ದಿ ಕೊಡದೆ, ಕೈಯಲ್ಲಿ ಚೀಲ ಹಿಡಿದು ಗಿರಾಕಿಗಳಂತೆ ಬಂದು ಒಂದು ಜಾಮೂನು ಡಬ್ಬಿ ಕೇಳಲಿ.