ಮೌನದ ಆರಾಧನೆ, ಮಾತಿನ ಸತ್ಯ

ಆರಾಧನೆ ಎಂಬುದು ಆರಾಧನಾಲಯದ ಹೊಸ್ತಿಲಲ್ಲೇ ಮುಗಿಯುವ ಕರ್ಮವೇ? ಅಥವಾ ಅಂಗಡಿಯ ತಕ್ಕಡಿಯವರೆಗೂ ನಮ್ಮೊಡನೆ ಬರುವ ಹೊಣೆಯೇ? ಈ ಪ್ರಶ್ನೆಯನ್ನು ಗಂಭೀರವಾಗಿ ಎದುರಿಸಿದ ಕ್ರೈಸ್ತ ಪಂಗಡಗಳಲ್ಲಿ ಕ್ವೇಕರರು ಪ್ರಮುಖರು. ಕ್ರೈಸ್ತರೆಂದೊಡನೆ ಪಾದ್ರಿ, ಶಿಲುಬೆ, ಗಾಯನಗಳನ್ನೇ ನೆನೆಯುವ ನಮಗೆ ಇವರ ಪರಿಚಯ ಕಡಿಮೆ.

17ನೇ ಶತಮಾನದ ಇಂಗ್ಲೆಂಡಿನಲ್ಲಿ ಧಾರ್ಮಿಕ ಕಲಹಗಳು ಭುಗಿಲೆದ್ದಿದ್ದ ಕಾಲದಲ್ಲಿ ಜಾರ್ಜ್ ಫಾಕ್ಸ್ (1624–1691) ಎಂಬ ನೇಕಾರನ ಮಗ ಈ ಪಂಥಕ್ಕೆ ಅಡಿಪಾಯ ಹಾಕಿದನು. ದೇವವಾಕ್ಯದ ಮುಂದೆ ನಡುಗಿರಿ ಎಂದು ಅವನು ಹೇಳಿದಾಗ, 1650ರಲ್ಲಿ ನ್ಯಾಯಾಧೀಶನೊಬ್ಬ ಅವನ ಸಂಗಡಿಗರನ್ನು 'ಕ್ವೇಕರರು', ಅಂದರೆ ನಡುಗುವವರು ಎಂದು ಹಂಗಿಸಿದನು. ಆ ಹೆಸರೇ ಉಳಿಯಿತು. ಅವರು ತಮ್ಮನ್ನು ಕರೆದುಕೊಳ್ಳುವುದು 'ಮಿತ್ರರ ಧಾರ್ಮಿಕ ಸಂಘ' ಎಂದು.

ಪ್ರತಿಯೊಬ್ಬ ಮನುಷ್ಯನ ಅಂತರಂಗದಲ್ಲಿಯೂ ದೇವರ ಬೆಳಕಿದೆ, ಅದನ್ನು ಅರಿಯಲು ಪುರೋಹಿತನ ಮಧ್ಯಸ್ಥಿಕೆ ಬೇಕಿಲ್ಲ ಎಂಬುದು ಅವರ ಮೂಲ ನಂಬಿಕೆ. ಆದ್ದರಿಂದ ಅವರಲ್ಲಿ ಜಲದೀಕ್ಷೆಯಿಲ್ಲ. ರೊಟ್ಟಿ-ದ್ರಾಕ್ಷಾರಸದ ಸಂಸ್ಕಾರವೂ ಇಲ್ಲ. ಸಾಂಪ್ರದಾಯಿಕ ಸಭೆಯಲ್ಲಿ ಎಲ್ಲರೂ ಸುಮಾರು ಒಂದು ಗಂಟೆ ಮೌನವಾಗಿ ಕುಳಿತಿರುತ್ತಾರೆ. ದೈವಪ್ರೇರಣೆಯಾಯಿತೆಂದು ಅನಿಸಿದವರು, ಪುರುಷರಾಗಲಿ ಸ್ತ್ರೀಯರಾಗಲಿ, ಎದ್ದು ಕೆಲವು ಮಾತು ಹೇಳಿ ಕುಳಿತುಕೊಳ್ಳುತ್ತಾರೆ. ಕೊನೆಗೆ ಪರಸ್ಪರ ಕೈಕುಲುಕಿ ಸಭೆ ಮುಗಿಸುತ್ತಾರೆ. ಸಂಘದ ತೀರ್ಮಾನಗಳಿಗೂ ಮತ ಎಣಿಸುವ ಕ್ರಮವಿಲ್ಲ. ಒಮ್ಮತ ಮೂಡುವವರೆಗೆ ಕಾಯುತ್ತಾರೆ. ಆದರೆ ಎಲ್ಲೆಡೆಯೂ ಹೀಗೆಯೇ ಅಲ್ಲ. ಕ್ವೇಕರರು ಅತಿ ಹೆಚ್ಚಾಗಿರುವ ಕೀನ್ಯಾದಲ್ಲಿ ಬೋಧಕರೂ ಪ್ರವಚನವೂ ಗಾಯನವೂ ಇವೆ.

ನಮ್ಮ ಗಮನ ಸೆಳೆಯಬೇಕಾದುದು ಈ ಮೌನದ ಫಲ. ಸದಾ ಸತ್ಯ ನುಡಿಯಬೇಕಾದವನಿಗೆ ಪ್ರತ್ಯೇಕ ಪ್ರಮಾಣವೇಕೆ ಎಂದು ಅವರು ನ್ಯಾಯಾಲಯದಲ್ಲಿಯೂ ಆಣೆಯಿಡಲು ನಿರಾಕರಿಸಿ ಸೆರೆಮನೆ ಸೇರಿದರು. ಚೌಕಾಸಿಗಾಗಿ ಬೆಲೆ ಏರಿಸಿ ಹೇಳುವುದೂ ಸುಳ್ಳೇ ಎಂದು ತಮ್ಮ ಅಂಗಡಿಗಳಲ್ಲಿ ಒಂದೇ ದರ ಇಟ್ಟರು.

ಆದರೂ ಅವರನ್ನು ನಿಷ್ಕಳಂಕರೆಂದು ಬಿಂಬಿಸುವುದು ನ್ಯಾಯವಲ್ಲ. ಪ್ರತಿ ಮನುಷ್ಯನಲ್ಲೂ ಬೆಳಕು ಕಂಡವರೇ ಅಮೆರಿಕದಲ್ಲಿ ಗುಲಾಮರನ್ನು ಇಟ್ಟುಕೊಂಡಿದ್ದರು. 1688ರಲ್ಲಿ ಜರ್ಮನ್‌ಟೌನಿನ ಕೆಲವರು ಇದನ್ನು ಲಿಖಿತವಾಗಿ ಪ್ರತಿಭಟಿಸಿದರು. ಜಾನ್ ವೂಲ್ಮನ್ ಮನೆಮನೆಗೆ ತೆರಳಿ ಮಾಲೀಕರ ಮನಸ್ಸಾಕ್ಷಿಯನ್ನು ತಟ್ಟಿದನು. ಫಿಲಡೆಲ್ಫಿಯಾದ ಸಂಘವು ಗುಲಾಮರನ್ನು ಬಿಡದವರನ್ನು ಹೊರಹಾಕಲು ನಿರ್ಧರಿಸಿದ್ದು 1776ರಲ್ಲಿ. ಸತ್ಯವನ್ನು ಅರಿಯುವುದಕ್ಕೂ ಪಾಲಿಸುವುದಕ್ಕೂ ನಡುವೆ 88 ವರ್ಷಗಳು! ಇದು ಕೇವಲ ಅವರ ಕಥೆಯಲ್ಲ. ಧರ್ಮವನ್ನು ನಂಬುವ ಎಲ್ಲ ಸಮುದಾಯಗಳ ಕಥೆ.

ಮುಸ್ಲಿಮ್ ಜಗತ್ತಿನೊಂದಿಗೂ ಅವರ ನಂಟು ಹಳೆಯದು. ಮನೆಗೆಲಸದಾಕೆಯಾಗಿದ್ದ ಮೇರಿ ಫಿಶರ್‌ಳನ್ನು 1656ರಲ್ಲಿ ಬೋಸ್ಟನ್ನಿನ ಕ್ರೈಸ್ತ ಅಧಿಕಾರಿಗಳು ಸೆರೆಯಲ್ಲಿಟ್ಟು ಹೊರದೂಡಿದ್ದರು. 1658ರಲ್ಲಿ ಅದೇ ಮಹಿಳೆ ಉಸ್ಮಾನಿ ಸುಲ್ತಾನ ನಾಲ್ಕನೆಯ ಮುಹಮ್ಮದರನ್ನು ಭೇಟಿಯಾದಳು. ಸುಲ್ತಾನರು ಆಕೆಯ ಮಾತನ್ನು ಸೌಜನ್ಯದಿಂದ ಆಲಿಸಿ, ಪ್ರಯಾಣಕ್ಕೆ ಬೆಂಗಾವಲನ್ನೂ ನೀಡಲು ಮುಂದಾದರು. ಮುಂದೆ 1869ರಲ್ಲಿ ಕ್ವೇಕರರು ರಾಮಲ್ಲಾದಲ್ಲಿ ಹೆಣ್ಣುಮಕ್ಕಳಿಗಾಗಿ ಶಾಲೆ ತೆರೆದರು. 1948ರ ನಂತರ ಗಾಝಾದ ನಿರಾಶ್ರಿತರಿಗೆ ವಿಶ್ವಸಂಸ್ಥೆಯ ಕೋರಿಕೆಯ ಮೇರೆಗೆ ನೆರವು ವಿತರಿಸಿದ್ದು ಅಮೆರಿಕದ ಕ್ವೇಕರ್ ಸೇವಾ ಸಮಿತಿ.

ಅವರ ಮೌನಸಭೆಗೂ ನಮ್ಮ ನಮಾಝಿಗೂ ಇರುವ ಅಂತರವನ್ನು ಮರೆಮಾಚಬೇಕಿಲ್ಲ. ನಮಗೆ ನಿಶ್ಚಿತ ಸಮಯವಿದೆ, ಕಿಬ್ಲಾ ಇದೆ, ಕುರ್‌ಆನ್‌ನ ಪಾರಾಯಣವಿದೆ. ಇದು ನಾವೇ ರೂಪಿಸಿಕೊಂಡ ವಿಧಾನವಲ್ಲ. ಆದರೆ ಇನ್ನೊಬ್ಬರನ್ನು ಸರಿಯಾಗಿ ಅರಿಯುವುದರಿಂದ ನಮ್ಮ ವಿಶ್ವಾಸ ಸಡಿಲವಾಗುವುದಿಲ್ಲ. ಅದು ನಮ್ಮನ್ನು ಆತ್ಮಾವಲೋಕನಕ್ಕೆ ಹಚ್ಚುತ್ತದೆ. ಸರಕು ಮಾರಲು ಆಣೆಯಿಡುವುದರ ವಿರುದ್ಧ ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಹಾಗಿದ್ದೂ ನಮ್ಮ ವ್ಯವಹಾರಗಳಲ್ಲಿ 'ಅಲ್ಲಾಹನಾಣೆ' ಎಷ್ಟು ಅಗ್ಗವಾಗಿದೆ! ಆಣೆಯಿಲ್ಲದೆಯೇ ನಂಬಬಹುದಾದ ಮಾತು ನಮ್ಮ ಮನೆಗಳಲ್ಲಿ, ಮಾರುಕಟ್ಟೆಗಳಲ್ಲಿ ಕೇಳಿಬಂದರೆ, ನಮ್ಮ ಐದು ಹೊತ್ತಿನ ನಮಾಝಿಗೆ ನಮ್ಮ ನೆರೆಹೊರೆಯವರೂ ಸಾಕ್ಷಿ ನುಡಿದಾರು.